ಪಾಂಡವಪುರದ ಸುಧಾಕರ

ಶೀಳನೆರೆ, ಜೂನ್ ೧೯೯೬

ರಂಜಿತಕ್ಕಾ,

ಈ ಕಾಗದ ಕಳಿಸಲು ನಿನ್ನ ವಿಳಾಸ ಗೊತ್ತಿಲ್ಲ. ವಾರಪತ್ರಿಕೆಯ ಪತ್ರಮೈತ್ರಿ ಅಂಕಣದಲ್ಲಿ ನಿನ್ನ ಹೆಸರು ಬಂದಾಗ ದಿನಕ್ಕೆ ಹತ್ತು ಕಾಗದ ಬರುತ್ತಿದ್ದವು. ಅವು ನಿಂತ ಮೇಲೆ ನೀನು ತಲೆ ಬಾಚುವುದನ್ನೂ ಬಿಟ್ಟೆ. ನೋಡಲಾರದೆ, ಪಾಂಡವಪುರದ ಸುಧಾಕರ ಎಂದು ಹೆಸರಿಟ್ಟುಕೊಂಡು ಕಾಲೇಜಿನಿಂದ ನಾನೇ ಬರೆದೆ. ನೀನು ಮತ್ತೆ ನಕ್ಕೆ. ಅವನಿಗೆ ಬರೆದ ಉತ್ತರಗಳನ್ನು ಅಂಚೆಗೆ ಹಾಕಲು ನನ್ನ ಕೈಗೇ ಕೊಡುತ್ತಿದ್ದೆ.

ಅವನ ಬಳಿ ಹೋಗುತ್ತೇನೆಂದು ಚೀಟಿ ಬರೆದಿಟ್ಟು ನೀನು ಹೊರಟು ಮೂರು ದಿನವಾಯಿತು. ಪಾಂಡವಪುರದಲ್ಲೆಲ್ಲ ಹುಡುಕಿದೆ. ಯಾರೂ ನಿನ್ನನ್ನು ಕಂಡಿಲ್ಲ.

ಇವತ್ತು ಅವ್ವ ನಿನ್ನ ಟ್ರಂಕಿನಲ್ಲಿದ್ದ ಸುಧಾಕರನ ಕಾಗದಗಳನ್ನು ನನ್ನಿಂದಲೇ ಓದಿಸಿದಳು. ಕೇಳಿ ಕಣ್ಣೊರೆಸಿಕೊಂಡು, “ಒಳ್ಳೇ ಉಡ್ಗ ಕಣವ್ವ. ಚೆನ್ನಾಗ್ ನೋಡ್ಕತಾನೆ ಬುಡು” ಎಂದಳು.

ಮೂರು ದಿನದಿಂದ ಏನೂ ಮುಟ್ಟದವಳು ಮುದ್ದೆ ಕೇಳಿದಳು. ನಾನು ಬಡಿಸಿದೆ.

ಚೈತ್ರ