ಕಾಂತಾಳ ಹನ್ನೆರಡು ಫೋಟೋ

ಖಾನಾಪುರ
ಸೋಮವಾರ, ೨೪ ನವೆಂಬರ್ ೧೯೮೬

ಪ್ರೀತಿಯ ತಮ್ಮ ನಾಗಲಿಂಗಾ,

ಇವತ್ತು ಕಾರ್ತಿಕ ಸೋಮವಾರ, ನನಗೆ ಒಪ್ಪತ್ತು. ನಸುಕಿನಲ್ಲಿ ಎದ್ದು ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಲಿಂಗಪೂಜೆ ಮುಗಿಸಿ, ಇವರಿಗೆ ರೊಟ್ಟಿ ಕಟ್ಟಿ ಅಂಗಡಿಗೆ ಕಳಿಸಿ ಈಗ ಕುಳಿತಿದ್ದೇನೆ. ಕಾಂತಾ ಹೊಳೆಗೆ ಬಟ್ಟೆ ತೆಗೆದುಕೊಂಡು ಹೋಗಿದ್ದಾಳೆ. ಅವಳು ಬರುವುದರೊಳಗೆ ಪತ್ರ ಮುಗಿಸಿ ಹಾಕಿಬಿಡಬೇಕು. ನಿನ್ನ ಮೈ ಹೇಗಿದೆ? ಪಂಚಮಿಗೆ ಬಂದಾಗ ಕೆಮ್ಮುತ್ತಿದ್ದೆ. ಫೋಟೋ ತೊಳೆಯುವ ಆ ಕತ್ತಲ ಕೋಣೆಯ ಔಷಧದ ವಾಸನೆ ಎದೆಗೆ ಒಳ್ಳೆಯದಲ್ಲ ಎಂದರೆ ನೀನು ನಗುತ್ತೀ. ರಾತ್ರಿ ಮಲಗುವಾಗ ಬಿಸಿ ಹಾಲಿಗೆ ಅರಿಷಿಣ ಹಾಕಿ ಕುಡಿ. ನಿನ್ನ ಹೆಂಡತಿಗೆ ನಾನು ಹೇಳಿದೆನೆಂದು ಹೇಳು, ಇಲ್ಲದಿದ್ದರೆ ಮರೆಯುತ್ತಾಳೆ.

ನಾನಿದ್ದೇನೆ. ಬೆಳಗಾವಿಗೆ ಹೋಗಿ ಬಂದು ಹದಿನೈದು ದಿನವಾದರೂ ಮೊಣಕಾಲು ಇನ್ನೂ ಸರಿಯಾಗಿಲ್ಲ. ನಿನ್ನ ಹುಬ್ಬಳ್ಳಿ ಸ್ಟುಡಿಯೋದ ಸಾವಕಾರರು ಹೆಂಗಸರ ಫೋಟೋ ತೆಗೆಯಲು ಒಬ್ಬ ಹುಡುಗಿಯನ್ನು ಇಟ್ಟುಕೊಳ್ಳುತ್ತೇನೆಂದದ್ದು, ಮೊದಲು ಬೆಳಗಾವಿಯ ಹನ್ನೆರಡು ಜಾಗ ಹುಡುಕಿ ಒಂದು ರೋಲು ತೆಗೆದು ತೋರಿಸಲಿ, ಆಮೇಲೆ ನೋಡೋಣ ಎಂದದ್ದು, ನೀನು ಕಾಂತಾಳಿಗೆ ನಿನ್ನ ಹಳೆಯ ಕ್ಯಾಮೆರಾ ಕಳಿಸಿದ್ದು, ಇದೆಲ್ಲ ನನಗೆ ಮೊದಲಿನಿಂದ ಮನಸ್ಸಿಗೆ ಬಂದಿರಲಿಲ್ಲ. ನಿನಗೆ ಗೊತ್ತೇ ಇದೆ. ಹುಡುಗಿ ಕೊರಳಿಗೆ ಡಬ್ಬಿ ಹಾಕಿಕೊಂಡು ಊರೂರು ತಿರುಗುವುದೆಂದರೇನು ಎಂದು ನಿನ್ನೆದುರಿಗೇ ಅಂದಿದ್ದೆ. ಆದರೂ ಮಗಳನ್ನು ಒಬ್ಬಳನ್ನೇ ಕಳಿಸಲು ಆಗದೆ ಎರಡನೆಯ ಶನಿವಾರ ಬೆಳಗಿನ ಬಸ್ಸಿಗೆ ಜೊತೆಗೆ ಹೋದೆ. ಇವರು ಬಸ್ ನಿಲ್ದಾಣದವರೆಗೆ ಬಂದು ಒಂದೇ ಮಾತು ಹೇಳಿದರು: "ಇದೊಂದು ಸಲ. ಆತು ಅಂದ್ರ ಹುಬ್ಬಳ್ಳಿಗೆ ಹೋಗಲಿ, ಆಗಲಿಲ್ಲಂದ್ರ ಕಾರ್ತಿಕ ಮುಗದ ಮ್ಯಾಲೆ ನಂದಗಡದವರಿಗೆ ಹೂಂ ಅಂತೀನಿ." ಕಾಂತಾ ತಲೆ ತಗ್ಗಿಸಿ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆಳಗಾವಿ ಬರುವವರೆಗೆ ಕುಳಿತಿದ್ದಳು. ನಂದಗಡದ ಹುಡುಗನನ್ನು ಅವಳು ಒಲ್ಲೆ ಎಂದೇನೂ ಅಂದಿಲ್ಲ. ಅವಳನ್ನು ಕೇಳಿದವರಾದರೂ ಯಾರು?

ಫೋಟೋ ತೆಗೆಯುವುದೆಂದರೆ ಕೋಟೆ ಇದೆ, ಕೋಟೆಯ ಬಾಗಿಲಿದೆ, ಕೆರೆ ಇದೆ, ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದು ನಾನು ತಿಳಿದಿದ್ದೆ. ಕೋಟೆಯ ಬಾಗಿಲಲ್ಲಿ ನಿಲ್ಲಿಸಿ "ತಗಿ" ಎಂದೆ. ಆಕೆ "ಅವ್ವಾ, ಇದು ಎಲ್ಲಾ ಕ್ಯಾಲೆಂಡರದಾಗ ಐತಿ. ಮಾಮಾನ ಸಾವಕಾರ್ರು ಕಂಡದ್ದನ್ನ ಮತ್ತ ಕಂಡ್ರ ಏನ ಅಂತಾರ?" ಎಂದು ಮುಂದೆ ನಡೆದಳು. ಕೋಟೆಯ ಗೋಡೆಗೆ ಆನಿಸಿ ಒಬ್ಬ ಹಡಪದವನು ಕ್ಷೌರದ ಕನ್ನಡಿ ತೂಗುಹಾಕಿದ್ದ. ಕನ್ನಡಿಯಲ್ಲಿ ಕಂದಕದ ನೀರು ಕಾಣುತ್ತಿತ್ತು. ಅದು ಬೇಕಂತೆ ಅವಳಿಗೆ! ಗೋಡೆಯ ನೆರಳು ಕನ್ನಡಿಯ ಅರ್ಧಕ್ಕೆ ಬರಬೇಕು, ಒಂದು ತಾಸು ತಡೆ ಎಂದಳು. "ನೆಳ್ಳ ಖಾನಾಪುರದಾಗೂ ಬೀಳತೈತಿ, ಅಲ್ಲೇ ತಗೀಬೇಕಿತ್ತು" ಎಂದು ಬೈದೆ. ಕಲ್ಲಿನ ಮೇಲೆ ಕುಳಿತು ಜಪ ಮಾಡಿದೆ, ಜಪ ಮುಗಿಯಿತು, ನೆರಳು ಬರಲಿಲ್ಲ. ಹಡಪದವನಿಗೂ ಬೇಸರವಾಗಿ "ಅವ್ವಾರ, ನಿಮಗೂ ಒಂದ ಕಟಿಂಗ ಮಾಡ್ಲೇನ್ರಿ?" ಎಂದ. ಕಾಂತಾ ನಕ್ಕಳು. ಆ ಎರಡು ದಿನದಲ್ಲಿ ಅವಳು ನಕ್ಕದ್ದು ಬಹಳ ಸಲ, ಅದನ್ನು ನಿನಗೆ ಹೇಳಬೇಕು.

ಹೀಗೇ ಎರಡು ದಿನ. ಗುಡಿ ಬಿಟ್ಟು ಗುಡಿಯ ಮುಂದಿನ ಚಪ್ಪಲಿಗಳ ಫೋಟೋ ತೆಗೆಯುತ್ತಾಳೆ. ಶಹಾಪುರದಲ್ಲಿ ನೇಕಾರರು ಓಣಿಯ ಉದ್ದಕ್ಕೂ ಕೆಂಪು ನೂಲು ಎಳೆದು ಕಟ್ಟಿದ್ದರು. ಅದರ ಕೆಳಗೆ ಮಲಗಿ ತೆಗೆದಳು, ಹೊಸ ಲಂಗ ಪೂರಾ ಮಣ್ಣು. ನಿನ್ನ ರೋಲಿನಲ್ಲಿ ಬಣ್ಣ ಬರುವುದಿಲ್ಲವಲ್ಲೇ ಎಂದರೆ, "ಬಣ್ಣ ಅಲ್ಲವ್ವಾ, ಎಳಿ ನೋಡು, ಎಳಿ" ಎಂದಳು. ನಾನೂ ಬಗ್ಗಿ ನೋಡಿದೆ. ಐವತ್ತು ವರ್ಷವಾಯಿತು, ನೂಲನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು.

ಖಡೇ ಬಜಾರದ ಹಿಂದಿನ ಓಣಿಯಲ್ಲಿ ಇಮಾಮಬೀ ಎಂಬ ಮುದುಕಿ ಗಾದಿಯ ಹತ್ತಿ ಬಡಿಯುತ್ತ ಕುಳಿತಿದ್ದಳು. ತಗಡಿನ ತೂತಿನಿಂದ ಬಿಸಿಲು ಒಳಗೆ ಬಂದು ಹತ್ತಿಯ ಎಳೆಗಳೆಲ್ಲ ಆ ಬಿಸಿಲಿನಲ್ಲಿ ಹಾರುತ್ತಿದ್ದವು. ಮುದುಕಿ ಸೆರಗು ಎಳೆದುಕೊಂಡು "ನನ್ನ ಮಾರಿ ಬ್ಯಾಡ ಬೇಟಿ, ಹತ್ತಿ ತಗಿ, ಹತ್ತೀನ ಚಂದ ಐತಿ" ಎಂದಳು. ಕಾಂತಾ ಹಾಗೇ ತೆಗೆದಳು. ಎದ್ದು ಬರುವಾಗ ಮುದುಕಿ ನನ್ನ ಕೈ ಹಿಡಿದು "ಒಂದ ನನಗೂ ಕೊಡಬೇಕ ನೋಡ ಅಕ್ಕಾ. ಮೂವತ್ತ ವರ್ಸ ಆತು ಇಲ್ಲೇ ಕುಂತು, ಒಬ್ಬರೂ ಫೋಟೋ ತಗದಿಲ್ಲ" ಎಂದಳು. ಕೊಡುತ್ತೇವೆ ಎಂದು ನಾನೇ ಮಾತು ಕೊಟ್ಟೆ.

ಶನಿವಾರ ರಾತ್ರಿ ಮಹಾಂತೇಶ ನಗರದಲ್ಲಿ ನಾದಿನಿ ಸಿದ್ದಕ್ಕನ ಮನೆಯಲ್ಲಿ ಇದ್ದೆವು. ಅವಳ ಬಾಯಿ ನಿನಗೆ ಗೊತ್ತಲ್ಲ. "ಏನ ವೈನೀ, ಮಗಳ ಕೊರಳಿಗೆ ತಾಳಿ ಕಟ್ಟಸೂದ ಬಿಟ್ಟು ಡಬ್ಬಿ ಕಟ್ಟಿ ಮೆರವಣಿಗಿ ಹೊಂಟೀರಲ್ಲ!" ಎಂದು ನೀರು ಕೊಡುವ ಮೊದಲೇ ಶುರು ಮಾಡಿದಳು. ಮೊದಲಾಗಿದ್ದರೆ ನಾನೂ ಹೌದೆನ್ನುತ್ತಿದ್ದೆ. ಅವತ್ತು ಮಾತ್ರ ಯಾಕೋ "ಡಬ್ಬಿ ಹೊರೂದ ಆಕಿ, ನಿನ್ನ ಕೊರಳ ಯಾಕ ನೋಯತೈತಿ?" ಎಂದುಬಿಟ್ಟೆ. ಹಾಸಿಗೆಯಲ್ಲಿ ಕಾಂತಾ ನನ್ನ ಕಾಲು ಒತ್ತುತ್ತ "ಅವ್ವಾ, ನೀ ಖರೇನ ಹಂಗಂದಿ?" ಎಂದು ಕೇಳಿದಳು. ನಾನು ನಿದ್ದೆ ಬಂದವಳಂತೆ ಗೋಡೆಯ ಕಡೆ ಹೊರಳಿದೆ.

ಭಾನುವಾರ ಮೂರು ಗಂಟೆಗೆ ಹನ್ನೆರಡೂ ಮುಗಿದವು. ರೋಲನ್ನು ಅಲ್ಲಿಯ ಒಂದು ಸ್ಟುಡಿಯೋದಲ್ಲಿ ತೊಳೆಯಲು ಕೊಟ್ಟೆವು. ಕ್ಯಾಮೆರಾವನ್ನು ಹಾಗೆಯೇ ಅವರ ಕೈಗೆ ಕೊಟ್ಟೆವು, ಕತ್ತಲಲ್ಲಿ ಅವರೇ ಬಿಚ್ಚಿಕೊಂಡರು. ಮೊನ್ನೆ ಗುರುವಾರ ಇವರು ಅಂಗಡಿಯ ಸಾಮಾನಿಗೆ ಹೋದವರು ಅದನ್ನು ತಂದರು. ಕಾಂತಾ ಬಾಗಿಲಲ್ಲೇ ನಿಂತಿದ್ದಳು. ಇವರು ಸುರುಳಿಯನ್ನು ಅವಳ ಕೈಗೆ ಹಾಕಿ "ತಗೋ, ನಿನ್ನ ಬೆಳಗಾವಿ. ಪೂರಾ ಅಮಾಸಿ" ಎಂದರು. ಕಿಟಕಿಗೆ ಹಿಡಿದು ನೋಡಿದಳು. ಈ ತುದಿಯಿಂದ ಆ ತುದಿಗೆ ಕರ್ರಗೆ, ಒಂದು ಗೆರೆ ಕೂಡ ಇಲ್ಲ. ಹಿಂದಿನ ಬಾಗಿಲನ್ನು ಯಾರೋ ತೆಗೆದಿದ್ದಾರೆ, ಸುರುಳಿ ಸಡಿಲವಾಗಿತ್ತು, ಬೆಳಕು ಹೊಕ್ಕು ಎಲ್ಲ ಸುಟ್ಟು ಕಪ್ಪಾಗಿದೆ ಎಂದು ಸ್ಟುಡಿಯೋದವನು ಹೇಳಿದನಂತೆ. ಯಾರೂ ತೆಗೆದಿಲ್ಲ, ರೋಲು ಹಾಕುವಾಗ ನಾನೇ ಸರಿಯಾಗಿ ಮುಚ್ಚಿಲ್ಲ ಎಂದಳು ಕಾಂತಾ. ಅಳಲಿಲ್ಲ. ಕ್ಯಾಮೆರಾವನ್ನು ಒರೆಸಿ ಟ್ರಂಕಿನಲ್ಲಿಟ್ಟು ಬಂದು ಹಿಟ್ಟು ನಾದಿದಳು. ಅಂದಿನಿಂದ ನಾನು ಹೇಳಿದ ಕೆಲಸವನ್ನೆಲ್ಲ ಎದುರಾಡದೆ ಮಾಡುತ್ತಿದ್ದಾಳೆ. ಅದನ್ನು ನೋಡಲಾಗದು ತಮ್ಮಾ. ನನ್ನಿಂದ ತಪ್ಪಾಯಿತು, ಸಾವಕಾರರಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳು ಎಂದು ನಿನಗೆ ಒಂದು ಕಾರ್ಡು ಬರೆದಿದ್ದಾಳೆ, ಈಗ ನಿನಗೆ ಮುಟ್ಟಿರಬೇಕು. ನಂದಗಡದವರು ಬರುವ ಭಾನುವಾರ ಬರುತ್ತಾರೆ.

ಇದಿಷ್ಟೇ ಸುದ್ದಿ. ಎಮ್ಮೆ ಕೂಗುತ್ತಿದೆ. ನಿನಗೂ ನಿನ್ನ ಹೆಂಡತಿ ಮಕ್ಕಳಿಗೂ ಆ ಶಿವ ಆಯುಷ್ಯ ಆರೋಗ್ಯ ಕೊಟ್ಟು ಕಾಯಲಿ. ಸಣ್ಣವನ ತಲೆಯ ಮೇಲೆ ನನ್ನ ಕೈ ಇಟ್ಟೆನೆಂದು ತಿಳಿ.

ನಿನ್ನ ಅಕ್ಕ
ಬಾಳವ್ವ

ತಾ. ಕ.: ಪತ್ರ ಮಡಚಿ ಮತ್ತೆ ಬಿಚ್ಚಿದ್ದೇನೆ. ಕ್ಯಾಮೆರಾದ ಬಾಗಿಲು ತೆಗೆದವಳು ನಾನು. ಭಾನುವಾರ ಹನ್ನೆರಡೂ ಮುಗಿದ ಮೇಲೆ ಕಾಂತಾ ಅಪ್ಪನಿಗೆ ಕುಂದಾ ತರಲು ಹೋದಾಗ ಕ್ಯಾಮೆರಾ ನನ್ನ ಕೈಯಲ್ಲಿತ್ತು, ನಾನು ಕಪಿಲೇಶ್ವರನ ಗುಡಿಯ ಮುಂದೆ ನಿಂತಿದ್ದೆ. ಎರಡು ದಿನ ಆ ಹುಡುಗಿಯ ಕಷ್ಟ ನೋಡಿ ನನ್ನ ಮನಸ್ಸು ತಿರುಗಿತ್ತು. ಇದನ್ನು ದೇವರ ಮುಂದೆ ಹಿಡಿದು, ಭಸ್ಮ ಹಚ್ಚಿಸಿ, ಈ ಕೆಲಸ ಅವಳಿಗೆ ಸಿಗಲಿ ಎಂದು ಬೇಡಿಕೊಳ್ಳಬೇಕೆನಿಸಿತು. ಗುಡಿಯ ಬಾಗಿಲಲ್ಲಿದ್ದವರು "ಅವ್ವಾ, ಚರ್ಮದ್ದು ಒಳಗ ಬ್ಯಾಡ್ರಿ" ಎಂದರು. ಅವರು ಹೇಳಿದ್ದು ಸರಿಯೇ. ಕ್ಯಾಮೆರಾದ ಚರ್ಮದ ಚೀಲವನ್ನು ಬಿಚ್ಚಿ ಹೂವಿನವಳ ಹತ್ತಿರ ಇಟ್ಟೆ. ಆ ಚೀಲವೇ ಅದರ ಬಾಗಿಲನ್ನು ಬಿಗಿಹಿಡಿದಿದೆ, ಬಿಚ್ಚಬೇಡ ಎಂದು ನೀನು ಕಾಂತಾಳಿಗೆ ಹೇಳಿದ್ದೆಯಂತೆ, ನನಗೆ ಯಾರು ಹೇಳಿದ್ದರು? ಅಂಗಳದ ಬಿಸಿಲಿನಲ್ಲಿ ಹಿಂದಿನ ಮುಚ್ಚಳ ತಾನೇ ತೆರೆದು ಒಳಗಿನ ಸುರುಳಿ ಜಿಗಿದು ಬಿಚ್ಚಿಕೊಂಡಿತು. ನಾನು ಹೆದರಲೂ ಇಲ್ಲ ನಾಗಲಿಂಗಾ. ಲಿಂಗದ ಕರಡಿಗೆಯ ಹಾಗೆ ತೆರೆದಿದೆ, ಒಳ್ಳೆಯದೇ ಆಯಿತು, ದೇವರು ಒಳಗಿನದನ್ನೂ ನೋಡಲಿ ಎಂದುಕೊಂಡೆ. ಹಾಗೆಯೇ ಹಿಡಿದು ಕೈಮುಗಿದೆ. ಒಳಗೂ ಭಸ್ಮ ಹಚ್ಚಿದೆ. ಸುರುಳಿಯನ್ನು ಹೆಬ್ಬೆರಳಿನಿಂದ ಸುತ್ತಿ ಮುಚ್ಚಿ ಚೀಲ ಹಾಕಿದೆ.

ಗುರುವಾರದಿಂದ ಹೇಳಬೇಕೆಂದು ಬಾಯಿ ತೆರೆಯುತ್ತೇನೆ, ಬರುವುದಿಲ್ಲ. ಈ ಕೆಲಸ ಬೇಡವೆಂದವಳು ಮೊದಲು ನಾನೇ. ಅವ್ವ ಬೇಕೆಂದೇ ಮಾಡಿದಳು ಎಂದು ಅವಳು ತಿಳಿದರೆ ನಾನು ಏನೆಂದು ಹೇಳಲಿ? ಇವರಿಗೆ ನಾನು ಹೇಳುತ್ತೇನೆ, ಈ ರಾತ್ರಿ ಊಟಕ್ಕೆ ಕೂತಾಗಲೇ. ನೀನು ಸಾವಕಾರರ ಕೈಕಾಲು ಹಿಡಿದು ಹದಿನೈದು ದಿನದ ಅವಕಾಶ ಕೇಳು, ಒಂದು ರೋಲು ಕಳಿಸು. ಹನ್ನೆರಡೂ ಜಾಗ ನನಗೆ ನೆನಪಿವೆ, ನನ್ನ ಮೊಣಕಾಲು ಇದ್ದ ಹಾಗಿರಲಿ, ಮತ್ತೆ ಕರೆದುಕೊಂಡು ಹೋಗುತ್ತೇನೆ. ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಬರೆಯಬೇಡ, ಅಲ್ಲಿ ಇವರೇ ಮೊದಲು ಒಡೆದು ಓದುತ್ತಾರೆ. ಕವರಿನ ಮೇಲೆ ಕಾಂತಾಳ ಹೆಸರು ಹಾಕಿ, ಪೋಸ್ಟಿನಲ್ಲೇ ಇಟ್ಟುಕೊಳ್ಳಲಿ ಎಂದು ಬರೆ. ನಾನು ಇಲ್ಲಿ ಹೇಳಿದ್ದನ್ನೆಲ್ಲ ಅದರಲ್ಲಿ ನಿನ್ನ ಅಕ್ಷರದಲ್ಲಿ ಬರೆ, ಬಿಸಿಲು, ಭಸ್ಮ, ಎಲ್ಲ. ಶನಿವಾರ ಅದನ್ನು ತರಲು ಅವಳನ್ನೇ ಕಳಿಸುತ್ತೇನೆ.