ಗಡ್ಡೆಯನ್ನು ಉಪವಾಸ ಕೆಡವಲು ಹೊರಟವರಿಗೆ

ನಮ್ಮ ವಾರ್ಡಿನ ಆರೋಗ್ಯ ಪ್ರಚಾರಾಧಿಕಾರಿಗಳೇ,

ನೀವು ನನ್ನ ಅಮ್ಮನನ್ನು ಉಪವಾಸ ಕೆಡವಿದ್ದೀರಿ. ‘ಮಾನ್ಯರೇ’ ಎಂದು ಬರೆಯಲು ಕೈ ಬರುತ್ತಿಲ್ಲ.

ಬೀದಿಕಂಬದ ಸರ್ಕಾರಿ ಮೈಕಿನಲ್ಲಿ ಬೆಳಗಿನ ಹೊತ್ತು, ಕಸದ ಗಾಡಿಯ ಸಮಯಕ್ಕೂ ಡೆಂಗಿ ಸೊಳ್ಳೆಯ ಎಚ್ಚರಿಕೆಗೂ ನಡುವೆ, ನಿಮ್ಮ ಕಚೇರಿ ಸಾರಿತು: ಕ್ಯಾನ್ಸರ್ ಇದ್ದವರು ಮೀನು, ಮಾಂಸ, ಮೊಟ್ಟೆ ಬಿಡಬೇಕು, ಕೆಂಪಕ್ಕಿ ಅನ್ನ, ಎಳ್ಳುಪ್ಪು ಸಾಕು, ತಿನ್ನಲು ಸಿಗದಿದ್ದರೆ ಗಡ್ಡೆ ತಾನಾಗಿ ಸಾಯುತ್ತದೆ. ಎಂಥ ವಿದ್ವತ್ತು! ಗಡ್ಡೆಯೇನು ನಿಮ್ಮ ಕೈಕೆಳಗಿನ ನೌಕರನೇ, ಊಟ ನಿಲ್ಲಿಸಿದೊಡನೆ ರಾಜೀನಾಮೆ ಬರೆದುಕೊಡಲು? ಗಡ್ಡೆ ಇದ್ದಲ್ಲೇ ಇದೆ. ಕರಗಿದ್ದು ಅಮ್ಮನ ತೋಳು, ತೊಡೆ. ಮದುವೆಯಂದು ಸೋಪು ಹಚ್ಚಿ ತೊಡಿಸಿದ ಹಸಿರುಕಲ್ಲಿನ ಬಳೆ ಈಗ ಕೈ ಎತ್ತಿದರೆ ಮೊಣಕೈಗೆ ಜಾರುತ್ತದೆ.

ಅಮ್ಮನ ದೊಡ್ಡ ಕರುಳಿನ ಗಡ್ಡೆ ತೆಗೆಸಲು ಹೋದ ನಮ್ಮನ್ನು ಡಾಕ್ಟರ್ ವಾಪಸು ಕಳಿಸಿದರು. “ಗಡ್ಡೆ ದೊಡ್ಡದೇನಲ್ಲಮ್ಮ. ಆದ್ರೆ ರಕ್ತದಲ್ಲಿ ಪ್ರೋಟೀನ್ ಪಾತಾಳಕ್ಕಿಳಿದಿದೆ, ಉರಿಯೂತದ ಅಂಶ ಆಕಾಶಕ್ಕೇರಿದೆ. ಗಡ್ಡೆ ಎಷ್ಟಿದೆ ಅನ್ನೋದರ ಜೊತೆಗೆ ಇವೆರಡನ್ನೂ ನೋಡಿಯೇ ನಾವು ಮುಂದಿನದು ಹೇಳೋದು. ಈಗ ಕರುಳು ಕೊಯ್ದರೆ ಹೊಲಿಗೆ ನಿಲ್ಲಲ್ಲ. ಚೆನ್ನಾಗಿ ತಿಂದು ಬನ್ನಿ, ಆದ್ರೆ ತಡ ಮಾಡಬೇಡಿ.”

ಅಮ್ಮ ತಲೆಯಾಡಿಸಿದಳು. ಮನೆಗೆ ಬಂದು ಮತ್ತೆ ಎಳ್ಳುಪ್ಪನ್ನೇ ಕಲಸಿಕೊಂಡಳು.

ಪಕ್ಕದ ಮನೆಯ ಲ್ವಿಯೆನ್ ಚಿಕ್ಕಮ್ಮ ಬಾತುಮೊಟ್ಟೆಯ ಗಂಜಿ ತಂದು ಅಮ್ಮನ ಮುಂದೆ ಕುಕ್ಕಿ, ಹೆಸರು ಹಿಡಿದೇ ಗದರಿದರು. “ತುಕ್, ತಿನ್ನೇ! ಮೊಟ್ಟೆ ತಿಂದ್ರೆ ಪೊಲೀಸರು ಬಂದು ಹಿಡ್ಕೊಂಡು ಹೋಗ್ತಾರಾ?”

“ಮೈಕಲ್ಲೇ ಹೇಳಿದಾರಲ್ಲೇ.”

“ಡಾಕ್ಟರು ತಿನ್ನು ಅಂದಿದಾರೆ!”

“ಆ ಡಾಕ್ಟರು ನನಗೊಬ್ಬಳಿಗೆ ಹೇಳಿದ್ದು. ಮೈಕಲ್ಲಿ ಹೇಳಿದ್ದು ಇಡೀ ವಾರ್ಡಿಗೆ. ಸುಳ್ಳಾಗಿದ್ರೆ ಸರ್ಕಾರ ಸುಮ್ನಿರ್ತಿತ್ತಾ?”

ನೋಡಿ, ನಿಮ್ಮನ್ನು ಇಷ್ಟು ನಂಬುವವರು ಈ ಭೂಮಿಯ ಮೇಲೆ ಇನ್ನೂ ಇದ್ದಾರೆ. ಯುದ್ಧಕಾಲದಲ್ಲಿ, ಬಾಂಬಿನ ವಿಮಾನ ಬಂತೆಂಬ ಇದೇ ಮೈಕಿನ ಕೂಗಿಗೆ ಕಂದಕಕ್ಕೆ ಓಡಿ ಬದುಕಿಕೊಂಡ ಮಗು ಅವಳು. ಆ ನಂಬಿಕೆಯನ್ನು ನೀವು ಎಳ್ಳುಪ್ಪಿಗೆ ಖರ್ಚು ಮಾಡಿದಿರಿ.

ಜನರೆದುರು ಬಾಯಿ ತೆರೆಯಲು ಹಿಂಜರಿಯುವ ನಾನು ನಿಮ್ಮ ಕಚೇರಿಗೂ ಬಂದೆ. ಗೋಮಾಂಸದ ಫೋ ನೂಡಲ್ಸ್ ಸಾರಿನ ಬಟ್ಟಲಿನಿಂದ ಮುಖವೆತ್ತದೆಯೇ ನೀವು ಅಂದಿರಿ: “ಹೇಳಿದ್ದು ಹೇಳಿ ಆಯ್ತಲ್ಲ ತಂಗಿ. ತಪ್ಪು ಅಂತ ಮತ್ತೆ ಕೂಗಿಸಿದ್ರೆ ಜನಕ್ಕೆ ನಮ್ಮ ಮೇಲೆ ನಂಬಿಕೆ ಹೋಗುತ್ತೆ.” ನಂಬಿಕೆ ಉಳಿಯಿತು, ಸ್ವಾಮಿ. ಉಳಿಯದೆ ಹೋಗುತ್ತಿರುವುದು ನಂಬಿದವಳು.

ನಿಮ್ಮ ಪಶ್ಚಾತ್ತಾಪ ನನಗೆ ಬೇಡ, ಅದರಲ್ಲಿ ಪ್ರೋಟೀನ್ ಇಲ್ಲ. ಒಂದೇ ಒಂದು ವಾಕ್ಯ ಓದಿಸಿ. ಬರೆಯುವ ಶ್ರಮವನ್ನೂ ನಿಮಗೆ ಕೊಡುವುದಿಲ್ಲ: “ಕ್ಯಾನ್ಸರ್ ಇದ್ದವರು ಡಾಕ್ಟರ್ ಹೇಳಿದಂತೆ ಮೀನು, ಮೊಟ್ಟೆ, ಮಾಂಸ ತಿನ್ನಬೇಕು, ಹಿಂದೆ ನಾವು ಹೇಳಿದ್ದು ತಪ್ಪು.” ನಾಳೆ ಬೆಳಗ್ಗೆಯೇ ಓದಿಸಿ. ಅಮ್ಮ ಆ ಹೊತ್ತಿಗೆ ಕಿಟಕಿಯ ಪಕ್ಕದಲ್ಲೇ ಕೂತಿರುತ್ತಾಳೆ. ಗಂಜಿ ಬಿಸಿ ಮಾಡಿ ಇಟ್ಟಿರುತ್ತೇನೆ.

ಇಂತಿ,
ಮೈಕಿನಷ್ಟು ದೊಡ್ಡ ಗಂಟಲಿಲ್ಲದ ಮಗಳು,
ದ್ಯೂ ಖ್ವೇ