ಒಪ್ಪಿಗೆಯಿಲ್ಲದ ನೆಲದಲ್ಲಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಸೊಂಟನೋವು ಈಗ ಹೇಗಿದೆ? ಶಾಂತಿಪಡೆಯ ಡೇರೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆದವಳು ಕೂತು ಕೆಲಸ ಹೇಳಬೇಕು, ತಾನೇ ಸ್ಟ್ರೆಚರ್ ಎತ್ತಬಾರದು ಎಂದು ಎಷ್ಟು ಹೇಳಿದರೂ ನಿನಗೆ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಗೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅಪ್ಪ ಅಡುಗೆಮನೆಯನ್ನು ಪೂರ್ತಿ ವಶಪಡಿಸಿಕೊಂಡಿದ್ದಾರೆ. ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕುತ್ತಾರೆ. ನಾನು ಮುಖ ಕಿವುಚಿದರೆ ನಿನ್ನ ಕೈರುಚಿಗೆ ಹೋಲಿಸಬಾರದೆಂದು ನನಗೇ ಬುದ್ಧಿ ಹೇಳುತ್ತಾರೆ. ರೇಡಿಯೊದಲ್ಲಿ ನೀನಿರುವ ದೇಶದ ಹೆಸರು ಬಂದರೆ ಮಾತ್ರ ಸೌಟು ಹಿಡಿದ ಕೈ ಹಾಗೆಯೇ ನಿಂತುಬಿಡುತ್ತದೆ.

ನನ್ನ ಕಚೇರಿಯ ಸುದ್ದಿಯನ್ನು ಫೋನಿನಲ್ಲಿ ಹೇಳಲಾಗಲಿಲ್ಲ. ನಮ್ಮ ದೇಶ ಬೇರೆ ದೇಶಗಳ ಜೊತೆ ಹೇಗೆ ನಡೆದುಕೊಳ್ಳಬೇಕು, ರಾಷ್ಟ್ರಗಳ ದೊಡ್ಡ ಸಭೆ ಹೇಗೆ ಬದಲಾಗಬೇಕು ಎಂಬ ತತ್ವಗಳ ಕರಡು ಬರೆಯುವ ಕೆಲಸ ವಿದೇಶಾಂಗ ಇಲಾಖೆಯಲ್ಲಿ ನಮ್ಮ ವಿಭಾಗಕ್ಕೇ ಬಂದಿತ್ತು. ನಮ್ಮ ಮೇಲಧಿಕಾರಿ ಅರ್ಧವಿರಾಮ ಸಾಹೇಬರು ನಿನಗೆ ಗೊತ್ತಲ್ಲ, ಯಾವ ಮಾತಿಗೂ ಪೂರ್ಣವಿರಾಮ ಇಡದವರು. ಅವರು ಒಂದೊಂದು ಸಾಲನ್ನು ಒಬ್ಬೊಬ್ಬರಿಗೆ ಹಂಚಿದರು. ಸಣ್ಣ ದೇಶದ ಮಾತಿಗೂ ದೊಡ್ಡ ದೇಶದಷ್ಟೇ ತೂಕ ಇರಬೇಕು, ನಾಲ್ಕೈದು ಬಲಾಢ್ಯ ದೇಶಗಳು 'ಬೇಡ' ಅಂದ ಮಾತ್ರಕ್ಕೆ ಲೋಕದ ಕೆಲಸ ನಿಲ್ಲಬಾರದು, ಹೀಗೆ. ನನ್ನ ಪಾಲಿಗೆ ಬಂದ ಸಾಲನ್ನು ನಾನು ಬರೆದು ಬರೆದು ಹೊಡೆದುಹಾಕಿ ಕೊನೆಗೆ ಹೀಗೆ ನಿಲ್ಲಿಸಿದೆ: ಯಾವ ದೇಶದ ನೆಲದಲ್ಲೂ ಆ ದೇಶದ ಒಪ್ಪಿಗೆಯಿಲ್ಲದೆ ಹೊರಗಿನ ಪಡೆ ಉಳಿಯತಕ್ಕದ್ದಲ್ಲ. ಸಾಹೇಬರು ಒಂದಕ್ಷರ ತಿದ್ದಲಿಲ್ಲ. ಆ ದಿನ ಮನೆಗೆ ಬಂದು ಅಪ್ಪನ ಮುಂದೆ ಎಷ್ಟು ಜಂಭ ಕೊಚ್ಚಿಕೊಂಡೆನೆಂದರೆ ಅವರು ನನಗೆ ದೃಷ್ಟಿ ತಾಗೀತು ಎಂದು ನಕ್ಕರು.

ಆ ವಾರವೇ ನೀನಿರುವಲ್ಲಿ ಸರ್ಕಾರ ಬದಲಾಯಿತು. ಹೊಸಬರ ಮೊದಲ ಮಾತೇ, ಶಾಂತಿಪಡೆ ಹೊರಡಲಿ ಎಂದು. ಪಡೆ ಹೊರಟರೆ ನಿಮ್ಮ ಆಸ್ಪತ್ರೆಯೂ ಹೊರಡಬೇಕು. ಆದರೆ ಆಸ್ಪತ್ರೆಯ ಬೇಲಿಯೊಳಗೆ ಜೀವ ಕೈಯಲ್ಲಿ ಹಿಡಿದುಕೊಂಡು ಕೂತ ಆ ಹೆಂಗಸರು, ಮಕ್ಕಳು ಎಲ್ಲಿಗೆ ಹೋಗಬೇಕು? ಅವರ ಊರಿಗೆ ಬೆಂಕಿಯಿಟ್ಟವರೇ ಈಗ ಅಧಿಕಾರದಲ್ಲಿದ್ದಾರೆಂದು ನೀನೇ ಬರೆದಿದ್ದೆ. ನಾನು ಸಾಹೇಬರ ಕೋಣೆಗೆ ಹೋಗಿ, ಪಡೆ ಹೊರಡುವ ಮೊದಲು ಆಶ್ರಯಕ್ಕೆ ಬಂದವರನ್ನು, ಸರ್ಕಾರ ಒಪ್ಪದಿದ್ದರೂ, ಸುರಕ್ಷಿತ ಜಾಗಕ್ಕೆ ಸೇರಿಸಬೇಕೆಂದು ಇನ್ನೊಂದು ಸಾಲು ಸೇರಿಸೋಣ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು. "ತತ್ವ ಅನ್ನೋದು ನಮಗೆ ಬೇಕಾದಾಗ ಮಾತ್ರ ಬಿಚ್ಚೋ ಕೊಡೆ ಅಲ್ಲಮ್ಮ. ನಿಮ್ಮಮ್ಮ ಅಲ್ಲಿ ಇಲ್ದೇ ಇದ್ದಿದ್ರೆ ನಿನಗೆ ಈ ಸಾಲು ಹೊಳೀತಿತ್ತಾ?" ಆದರೂ ಅವರು ಅದನ್ನು ಸಣ್ಣ ದೇಶಗಳ ಪ್ರತಿನಿಧಿಗಳ ಸಭೆಗೆ ಒಯ್ದರು, ನನ್ನನ್ನೂ ಹಿಂದೆ ಕೂರಿಸಿಕೊಂಡರು.

ಉದ್ದನೆಯ ಮೇಜು, ಎಲ್ಲರ ಕಿವಿಗೂ ಇಯರ್‌ಫೋನು. ನನ್ನ ಸಾಲು ಬಂದಾಗ ನೀನಿರುವ ದೇಶದ ನೆರೆದೇಶದ ಪ್ರತಿನಿಧಿ ಮೈಕು ತನ್ನತ್ತ ಎಳೆದುಕೊಂಡಳು. ಬೂದು ಶಾಲು ಹೊದ್ದ ವಯಸ್ಸಾದ ಹೆಂಗಸು. ದುಭಾಷಿಯ ದನಿಯಲ್ಲಿ ಅವಳ ಮಾತು ನನ್ನ ಕಿವಿಗೆ ಬಿತ್ತು. "ನಮ್ಮನ್ನ ಕಾಪಾಡ್ತೀವಿ ಅಂತ ಬಂದವರು ವಾಪಸ್ ಹೋಗೋ ಹೊತ್ತಿಗೆ ನಾನು ಮುದುಕಿ ಆಗಿದ್ದೆ. ಈ ಸಾಲಿನ ಬಾಗಿಲಿಂದ ಇವತ್ತು ನಿಮ್ಮ ನರ್ಸ್ ಬರ್ತಾಳೆ, ನಾಳೆ ಇನ್ಯಾರದೋ ಟ್ಯಾಂಕ್ ಬರುತ್ತೆ." ಸಾಲು ಬಿದ್ದುಹೋಯಿತು. ಅವಳನ್ನು ಬೈದುಕೊಳ್ಳಲಾದರೂ ಆಗಿದ್ದರೆ ಸಿಟ್ಟು ತಣ್ಣಗಾಗುತ್ತಿತ್ತು, ಅಮ್ಮಾ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ.

ಸಭೆ ಮುಗಿದ ಮೇಲೆ ಲಿಫ್ಟಿನ ಹತ್ತಿರ ಅವಳ ಹಿಂದೆಯೇ ಓಡಿದೆ, ದುಭಾಷಿಯನ್ನೂ ತೋಳು ಹಿಡಿದು ಎಳೆದುಕೊಂಡು. ನೀನು ಬರೆದದ್ದನ್ನೆಲ್ಲ ಹೇಳಿದೆ. ಅವಳು ಲಿಫ್ಟು ಬಂದರೂ ಹತ್ತದೆ ಕೇಳಿಸಿಕೊಂಡಳು. ಕೊನೆಗೆ, "ತತ್ವದಲ್ಲಿ ಬೇಡ. ಗಾಯಾಳುಗಳನ್ನ ನಮ್ಮಲ್ಲಿಗೆ ಸಾಗಿಸೋಕೆ ಅಂತ ಬೇರೆಯಾಗಿ ಕೇಳಿ, ನೋಡೋಣ," ಎಂದಳು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವರು, "ನೀನು ಮೊದಲು ಬರೆದದ್ದೂ ಸರಿ, ಆಮೇಲೆ ಕೇಳಿದ್ದೂ ಸರಿ. ಯಾರನ್ನ ತಪ್ಪು ಅನ್ನೋದು?" ಎಂದರು. ಆಮೇಲೆ ನೀನು ಹಟ ಮಾಡದೆ ವಿಮಾನ ಹತ್ತಬೇಕೆಂದು ಬರೆಯಲು ಹೇಳಿದರು. ಬರೆದಿದ್ದೇನೆ. ನನಗೂ ನೀನು ಬೇಕು. ಆದರೆ ಬೇಲಿಯೊಳಗಿನವರಿಗೆ ಬೆನ್ನು ಹಾಕಿ ಹತ್ತು ಎನ್ನಲು ಪೆನ್ನು ಮುಂದೆ ಹೋಗುತ್ತಿಲ್ಲ.

ಅಪ್ಪ ನಿನ್ನನ್ನು ನೆನೆದರೆಂದು ತಿಳಿಸಲು ಹೇಳಿದ್ದಾರೆ. ಅವರ ಬಾಯಲ್ಲಿ ಅಷ್ಟು ಬಂದರೆ ಎಷ್ಟೆಂದು ನಿನಗೇ ಗೊತ್ತು. ಕೈ ಬಿಡುವಾದಾಗ ಇಲ್ಲಿರುವ ನನ್ನ ತಲೆಯನ್ನು ಒಮ್ಮೆ ಸವರಿದಂತೆ ನೆನೆದುಕೊ.

ನಿನ್ನ ಮಗಳು,
ಗುಬ್ಬಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸಾಹೇಬರ ಫೋನು ಬಂತು. ಶಾಂತಿಪಡೆಯ ವಾಪಸಾತಿ ಆದೇಶಕ್ಕೆ ಸಹಿಯಾಗಿದೆ. ಗಾಯಾಳುಗಳನ್ನೂ ರೋಗಿಗಳನ್ನೂ ಆ ಬೂದು ಶಾಲಿನವಳ ದೇಶ ಬರಮಾಡಿಕೊಳ್ಳುತ್ತದೆ, ಹೊಸ ಸರ್ಕಾರವೂ ಅಷ್ಟಕ್ಕೆ ಒಪ್ಪಿದೆ. ಯಾರು ರೋಗಿ ಎಂಬುದನ್ನು ಹೆಡ್ ನರ್ಸ್ ತೀರ್ಮಾನಿಸತಕ್ಕದ್ದು ಎಂದು ಆ ಆದೇಶದ ಕರಡಿನಲ್ಲಿ ಮೊದಲೇ ಬರೆದಿಟ್ಟವಳು ನಾನೇ. ಸಾಹೇಬರು ಓದಿಯೂ ಹಾಗೆಯೇ ಬಿಟ್ಟರು. ನಿಮ್ಮ ಆಸ್ಪತ್ರೆಗೆ ಹೊರಟಿರುವ ಡಾಕ್ಟರೊಬ್ಬರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ನಂಬಿಕಸ್ಥರು. ಕಾಗದ ಓದಿದ ತಕ್ಷಣ ಬೇಲಿಯೊಳಗಿನ ಎಲ್ಲರನ್ನೂ ಅಡ್ಮಿಟ್ ಮಾಡಿಕೊ. ಬರುವುದು ಒಂದೇ ವಿಮಾನ, ಎಲ್ಲರಿಗೂ ಜಾಗ ಸಾಲದು. ಯಾರನ್ನು ಮೊದಲು ಹತ್ತಿಸಬೇಕೆಂದು ಬರೆಯಲು ನನ್ನಿಂದಾಗಲಿಲ್ಲ. ಅದನ್ನು ನಿನ್ನ ತಲೆಗೇ ಕಟ್ಟಿದ್ದೇನೆ, ಅಮ್ಮಾ.